ಪಾಯಿಂಟು ಕೊಟ್ಟು ಹಡಗು ಹತ್ತಬೇಕೆ?

ಪೆಟ್ರೋಲು ಬಂಕಿನಲ್ಲಿ ಸ್ಕೂಟರು ನಿಲ್ಲಿಸಿದಾಗ ಟೈ ಕಟ್ಟಿದ ಹುಡುಗನೊಬ್ಬ ಚೀಟಿಯೊಂದನ್ನು ಮುಂದೆ ಹಿಡಿಯುತ್ತಾನೆ. ಹೆಸರು, ಫೋನ್ ನಂಬರು, ಮದುವೆಯಾಗಿದೆಯೇ, ಮಕ್ಕಳೆಷ್ಟು, ಕಾರು ಇದೆಯೇ ಎಂದು ಬರೆದು ಡಬ್ಬಕ್ಕೆ ಹಾಕಿದರೆ ಸಾಕು, ಅದೃಷ್ಟವಿದ್ದರೆ ಬಹುಮಾನ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಎಷ್ಟೋ ಮನೆಗಳಿಗೆ ಈ ಚೀಟಿ ಹಳೆಯ ಪರಿಚಯ. ಸ್ವಾರಸ್ಯವೆಂದರೆ ಈ ಲಾಟರಿಯಲ್ಲಿ ಸೋತವರೇ ಇಲ್ಲ! ವಾರದೊಳಗೆ ಫೋನು ಬರುತ್ತದೆ. "ಕಂಗ್ರಾಜುಲೇಷನ್ಸ್ ಸಾರ್, ನಿಮಗೆ ಗಿಫ್ಟ್ ಬಂದಿದೆ. ಭಾನುವಾರ ಸಂಜೆ ಹೋಟೆಲಿಗೆ ಬಂದು ತಗೊಂಡು ಹೋಗಬೇಕು. ಮೇಡಂನೂ ಕರೆದುಕೊಂಡು ಬನ್ನಿ." ಮೇಡಂ ಬಾರದಿದ್ದರೆ ಗಿಫ್ಟೂ ಇಲ್ಲ. "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಎದ್ದು ಬರುವ ದಾರಿಯನ್ನು ಮೊದಲೇ ಮುಚ್ಚಬೇಕಲ್ಲ!

ಹೋಟೆಲಿನ ಸಭಾಂಗಣದಲ್ಲಿ ದುಂಡು ಮೇಜುಗಳು, ಜೋರಾದ ಸಂಗೀತ, ಕಾಫಿ, ಬಿಸ್ಕತ್ತು. ಗಂಡ ಹೆಂಡತಿಯ ಜೊತೆ ಬಂದ ಮಗನಿಗೋ ಮಗಳಿಗೋ ಒಂದು ಜ್ಯೂಸು. ಒಂದೂವರೆ ಗಂಟೆ ಮಾತು. ಮೊದಲು ಕೊಡೈಕೆನಾಲ್ ಮಂಜು ತೋರಿಸುತ್ತಾರೆ, ಆಮೇಲೆ ಕೊಡಗಿನ ಕಾಫಿ ತೋಟ, ಗೋವಾದ ಮರಳು. ಅಪ್ಪ ಇನ್ನೂ ಕೈಕಟ್ಟಿಯೇ ಕೂತಿದ್ದರೆ ಕೊನೆಯ ಅಸ್ತ್ರವಾಗಿ ಹಡಗು ಬರುತ್ತದೆ. ಬಿಳಿಯ ಹಡಗು, ಮೇಲುಮಾಳಿಗೆಯಲ್ಲಿ ಈಜುಕೊಳ, ಸುತ್ತಲೂ ನೀಲಿ. "ಪಾಯಿಂಟ್ ಇದ್ದರೆ ಇದಕ್ಕೂ ಹೋಗಬಹುದು ಸಾರ್." ಮಕ್ಕಳ ಕಣ್ಣು ಅಲ್ಲೇ ನಿಲ್ಲುತ್ತದೆ. ನೀರೆಂದರೆ ಸ್ಯಾಂಕಿ ಕೆರೆ, ಕೆಂಪಾಂಬುಧಿ ಕೆರೆ ಎಂದು ಬೆಳೆದ ಊರಿನ ಮಕ್ಕಳಿಗೆ ಹಡಗಿನ ಆಸೆ ಹುಟ್ಟುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಥ ಆಸೆ ತಪ್ಪೂ ಅಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಟೈಮ್‌ಶೇರ್ ಮಾರಾಟ ಎಲ್ಲಿ ನಡೆದರೂ ಹೆಚ್ಚು ಕಡಿಮೆ ಇದೇ ಕ್ರಮ. ಪ್ರಶ್ನೆ ಹಡಗಿನದು. ಪಾಯಿಂಟು ಕೊಟ್ಟು ಹಡಗು ಹತ್ತುವುದು ನಿಜಕ್ಕೂ ಲಾಭವೇ? ಚಕ್ರಬಡ್ಡಿ ಕಲಿತ ಯಾವ ಹುಡುಗ, ಹುಡುಗಿಯಾದರೂ ಬಿಡಿಸಬಹುದಾದ ಲೆಕ್ಕ ಇದು. ಆದರೆ ಆ ಮೇಜಿನ ಮುಂದೆ ಯಾರೂ ಬಿಡಿಸುವುದಿಲ್ಲ. ಸಂಗೀತದ ಗದ್ದಲವೂ ಅದಕ್ಕೆ ಅವಕಾಶ ಕೊಡುವುದಿಲ್ಲ.

ಛತ್ರದ ಕೋಣೆಯಿಂದ ಪಾಯಿಂಟಿನವರೆಗೆ

ಟೈಮ್‌ಶೇರ್ ಎಂಬ ಹೆಸರು ಹೊಸದಾದರೂ ವಿಚಾರ ನಮಗೆ ಪೂರ್ತಿ ಅಪರಿಚಿತವಲ್ಲ. ತಿರುಮಲದಲ್ಲಿ ಕಾಟೇಜು ಕಟ್ಟಿಸಿಕೊಟ್ಟ ದಾನಿಗಳಿಗೆ ವರ್ಷದಲ್ಲಿ ಇಂತಿಷ್ಟು ದಿನ ಅಲ್ಲಿ ತಂಗುವ ಸವಲತ್ತು ಉಂಟು. ಮಠಗಳ ವಸತಿಗೃಹಗಳಲ್ಲೂ ಬಾಗಿಲ ಮೇಲೆ ದಾನಿಯ ಹೆಸರಿನ ಕಲ್ಲು ಕಾಣುತ್ತದೆ. ಇನ್ನು ಬ್ಯಾಂಕು, ಕಾರ್ಖಾನೆಗಳ ನೌಕರರಿಗೆ ಊಟಿಯಲ್ಲೋ ಮೈಸೂರಿನಲ್ಲೋ 'ಹಾಲಿಡೇ ಹೋಮ್' ಇರುವುದನ್ನು ಹಳೆಯ ಬಡಾವಣೆಗಳ ಮನೆಗಳು ಚೆನ್ನಾಗಿ ಬಲ್ಲವು. ಹಿಂದೆಲ್ಲ ಬೇಸಿಗೆ ರಜೆ ಅಂದರೆ ಅಜ್ಜಿಯ ಮನೆ, ಇಲ್ಲವೇ ಅಪ್ಪನ ಬ್ಯಾಂಕಿನ ಹಾಲಿಡೇ ಹೋಮಿನಲ್ಲಿ ಮೂರು ದಿನ.

ವ್ಯಾಪಾರವಾಗಿ ಟೈಮ್‌ಶೇರ್ ಶುರುವಾದದ್ದು 1960ರ ದಶಕದಲ್ಲಿ, ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ. ಹಿಮದಾಟಕ್ಕೆ ಪ್ರತಿವರ್ಷ ಬರುವವರಿಗೆ ಕೋಣೆಯ ಒಂದೊಂದು ವಾರವನ್ನು ಮುಂಗಡವಾಗಿಯೇ ಮಾರಿಬಿಡುವ ಉಪಾಯ. ಒಂದು ಕೋಣೆ, ವರ್ಷಕ್ಕೆ 52 ವಾರ. ದುರಸ್ತಿಗೆ ಒಂದೆರಡು ವಾರ ಬಿಟ್ಟರೂ 50 ಜನರಿಗೆ ಮಾರಬಹುದು. ಆದರೆ ಒಂದೇ ಊರಿಗೆ ಒಂದೇ ವಾರ ಎಷ್ಟು ವರ್ಷ ಹೋಗುವುದು? ಆ ಬೇಸರಕ್ಕೆ ಮದ್ದಾಗಿ 1974ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ಆರ್‌ಸಿಐ ಎಂಬ ವಿನಿಮಯ ಸಂಸ್ಥೆ ಹುಟ್ಟಿತು. ನಿಮ್ಮ ವಾರವನ್ನು ಅವರಿಗೆ ಒಪ್ಪಿಸಿದರೆ ಇನ್ನೊಬ್ಬರ ವಾರವನ್ನು ಕೊಡಿಸುತ್ತಾರೆ, ನಡುವೆ ಶುಲ್ಕ ಹಿಡಿಯುತ್ತಾರೆ. ವಾರದ ಬದಲು ಪಾಯಿಂಟು ಕೊಡುವ ಪದ್ಧತಿ ಆಮೇಲಿನದು. 1991ರಲ್ಲಿ ಡಿಸ್ನಿ ಕಂಪನಿ ತನ್ನ ಕ್ಲಬ್ಬನ್ನು ಪಾಯಿಂಟಿನ ಮೇಲೆಯೇ ಆರಂಭಿಸಿತು. ಸುಗ್ಗಿಯ ಕಾಲಕ್ಕೆ ಹೆಚ್ಚು ಪಾಯಿಂಟು, ಮಳೆಗಾಲಕ್ಕೆ ಕಡಿಮೆ.

ನಮ್ಮ ಕಡೆ ಇದನ್ನು ತಂದವರಲ್ಲಿ ಮೊದಲಿಗರು ಮದ್ರಾಸಿನ ಸ್ಟರ್ಲಿಂಗ್ ಸಂಸ್ಥೆಯವರು, ಸ್ಥಾಪನೆ 1986. ಆ ಸಂಸ್ಥೆ ಮುಂದೆ ಹಣಕಾಸಿನ ಏರುಪೇರುಗಳನ್ನೆಲ್ಲ ಕಂಡು 2014ರಲ್ಲಿ ಥಾಮಸ್ ಕುಕ್ ಇಂಡಿಯಾದ ಕೈಸೇರಿತು. 1996ರಲ್ಲಿ ಮಹೀಂದ್ರದವರು ರಜಾ ಕಂಪನಿ ಸ್ಥಾಪಿಸಿದರು. ಮುನ್ನಾರಿನಿಂದ ಆರಂಭವಾದ ಅವರ ಕ್ಲಬ್ಬು ಮಡಿಕೇರಿಗೂ ಬಂತು. 25 ವರ್ಷದ ಸದಸ್ಯತ್ವ, ಋತುವಿಗೊಂದು ಬಣ್ಣ, ವರ್ಷಕ್ಕೊಮ್ಮೆ ಕಟ್ಟಬೇಕಾದ ಶುಲ್ಕ, ಇವೆಲ್ಲ ಮಧ್ಯಮ ವರ್ಗದ ಮಾತಿನಲ್ಲಿ ಸೇರಿಹೋದವು. ಇಷ್ಟಕ್ಕೂ ಕ್ಲಬ್ಬಿನ ಕೋಣೆಗಳಲ್ಲಿ ಮಕ್ಕಳೊಡನೆ ಸಂತೋಷವಾಗಿ ರಜೆ ಕಳೆದು ಬಂದ ಕುಟುಂಬಗಳು ಬೇಕಾದಷ್ಟಿವೆ. ಟೈಮ್‌ಶೇರ್ ಎಂದರೆಲ್ಲ ಮೋಸ ಎನ್ನುವುದು ಸರಿಯಲ್ಲ. ಕೋಣೆಗೆಂದು ಕೊಂಡ ಪಾಯಿಂಟನ್ನು ಹಡಗಿಗೆ ಕೊಟ್ಟಾಗ ಏನಾಗುತ್ತದೆ ಎಂಬುದು ಮಾತ್ರ ಬೇರೆಯೇ ಮಾತು.

ಹಡಗು ಕ್ಲಬ್ಬಿನದಲ್ಲ

ಕೊಡಗಿನ ರೆಸಾರ್ಟು ಕ್ಲಬ್ಬಿನದು. ಅದರ ಕೋಣೆಯನ್ನು ಸದಸ್ಯನಿಗೆ ಬಿಟ್ಟುಕೊಡುವುದರಿಂದ ಕ್ಲಬ್ಬಿಗೆ ಆ ದಿನ ಹೊಸದಾಗಿ ಕೈಯಿಂದ ಹೋಗುವುದು ಕಡಿಮೆ. ಹಡಗು ಹಾಗಲ್ಲ. ಅದರ ಕ್ಯಾಬಿನ್ನಿಗೆ ಹಡಗು ಕಂಪನಿ ಹಣವನ್ನೇ ಕೇಳುತ್ತದೆ. ಅವರಿಗೆ ನಿಮ್ಮ ಪಾಯಿಂಟು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಹಾಗಾಗಿ ನಡುವಿನ ವಿನಿಮಯ ಸಂಸ್ಥೆಯೇ ಹಣ ಕೊಟ್ಟು ಕ್ಯಾಬಿನ್ನು ಹಿಡಿಯಬೇಕು. ಆ ಹಣವನ್ನು ಅದು ಎಲ್ಲಿಂದ ಹುಟ್ಟಿಸುತ್ತದೆ? ನೀವು ಒಪ್ಪಿಸಿದ ವಾರವನ್ನೋ ಪಾಯಿಂಟನ್ನೋ ಬೇರೆ ಯಾರಿಗಾದರೂ ಬಾಡಿಗೆಗೆ ಕೊಟ್ಟು. ಬಾಡಿಗೆ ಬಂದೀತೋ ಇಲ್ಲವೋ ಎಂಬ ಅನುಮಾನ, ತನ್ನ ಲಾಭ, ಕಚೇರಿಯ ಖರ್ಚು ಎಲ್ಲವನ್ನೂ ಹಿಡಿದುಕೊಂಡು ಉಳಿದದ್ದನ್ನು ನಿಮಗೆ ಟಿಕೆಟಿನ ಮೇಲೆ ರಿಯಾಯಿತಿಯಾಗಿ ಕೊಡುತ್ತದೆ.

ಹಳೆಯ ಜರಿ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುತ್ತಿದ್ದ ಅಜ್ಜಿಯರಿಗೆ ಈ ವ್ಯವಹಾರ ತಟ್ಟನೆ ಅರ್ಥವಾದೀತು. ಸೀರೆಗೆ ಕೊಟ್ಟ ಬೆಲೆ ಒಂದು, ಜರಿಗೆ ಆಡುವ ಬೆಲೆ ಇನ್ನೊಂದು, ಪಾತ್ರೆಯವನು ಹೇಳುವ ಪಾತ್ರೆಯ ಬೆಲೆ ಮತ್ತೊಂದು. ಮೂರರ ನಡುವೆ ಕರಗಿಹೋಗುವುದು ಸೀರೆಯವರ ಗಂಟು.

ಆದ್ದರಿಂದ "ಪಾಯಿಂಟಿಗೆ ಹಡಗು" ಎಂದರೆ ಸಾಮಾನ್ಯವಾಗಿ ಪುಕ್ಕಟೆ ಹಡಗಲ್ಲ, ರಿಯಾಯಿತಿಯ ಹಡಗು. ಬಂದರು ಶುಲ್ಕ, ತೆರಿಗೆ, ಹಡಗಿನ ಸಿಬ್ಬಂದಿಗೆ ಸಲ್ಲಬೇಕಾದ ಭಕ್ಷೀಸು, ದಡಕ್ಕಿಳಿದು ಊರು ನೋಡುವ ಖರ್ಚು, ಇವೆಲ್ಲ ಜೇಬಿನಿಂದಲೇ. ಅಷ್ಟೇಕೆ, ಹಡಗಿನ ಬಾಗಿಲವರೆಗೆ ಹೋಗುವ ಖರ್ಚೂ ನಿಮ್ಮದೇ. ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೆಚ್ಚು ಕಡಿಮೆ ಒಂದು ಹಗಲು ಒಂದು ರಾತ್ರಿ. ಚೆನ್ನೈ ಆದರೆ ಹತ್ತಿರ, 2022ರ ನವೆಂಬರಿನಲ್ಲಿ ಶುರುವಾದ ವಂದೇ ಭಾರತ್ ರೈಲು ಅದನ್ನು ಇನ್ನಷ್ಟು ಹತ್ತಿರ ಮಾಡಿದೆ.

ನಮ್ಮ ದೇಶದ ದಡದಿಂದಲೇ ಹೊರಡುವ ವಿಹಾರದ ಹಡಗುಗಳ ಚರಿತ್ರೆಯೂ ಚಿಕ್ಕದು. 2019ರಲ್ಲಿ 'ಜಲೇಶ್' ಎಂಬ ಕಂಪನಿ ಮುಂಬೈಯಿಂದ ಹಡಗು ಹೊರಡಿಸಿತು. ಮರುವರ್ಷವೇ, ಕೊರೋನಾ ಕಾಲದಲ್ಲಿ, ಮುಚ್ಚಿಹೋಯಿತು. 2021ರ ಸೆಪ್ಟೆಂಬರಿನಲ್ಲಿ 'ಕಾರ್ಡಿಲಿಯ'ದವರು 'ಎಂಪ್ರೆಸ್' ಹಡಗಿನೊಂದಿಗೆ ಬಂದರು. ಅದು 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಿಂದ ನೀರಿಗಿಳಿದಿದ್ದ ಹಡಗು. ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆ ಅದರ ಓಡಾಟ. 2023ರ ಜೂನಿನಲ್ಲಿ ಚೆನ್ನೈಯಿಂದ ಶ್ರೀಲಂಕಾಕ್ಕೂ ಹೊರಟಿತು. ರೈಲ್ವೆಯ ಐಆರ್‌ಸಿಟಿಸಿ ಕೂಡ ಅದರ ಟಿಕೆಟು ಮಾರಲು ಕೈಜೋಡಿಸಿತ್ತು. ಇಲ್ಲಿ ಗಮನಿಸಬೇಕಾದ್ದು ಇಷ್ಟೇ: ಹಡಗು ಹತ್ತಲು ಯಾವ ಕ್ಲಬ್ಬಿನ ಸದಸ್ಯತ್ವವೂ ಬೇಡ. ಟಿಕೆಟು ಯಾರಿಗಾದರೂ ಸಿಗುತ್ತದೆ. ಬೇಡಿಕೆ ನೋಡಿಕೊಂಡು ಅದರ ಬೆಲೆ ಏರುತ್ತದೆ, ಇಳಿಯುತ್ತದೆ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ನಿಗೆ ಒಂದು, ಬಾಲ್ಕನಿಯ ಕ್ಯಾಬಿನ್ನಿಗೆ ಅದಕ್ಕಿಂತ ಎಷ್ಟೋ ಹೆಚ್ಚು.

ಲೆಕ್ಕದ ಪುಸ್ತಕ ತೆರೆದಾಗ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಯಾವ ಕ್ಲಬ್ಬಿನವೂ ಅಲ್ಲ, ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಮನೆಯಲ್ಲಿ ಸದಸ್ಯತ್ವದ ಕಾಗದ ಇದ್ದವರು ಅದರಲ್ಲಿನ ಅಂಕಿಗಳನ್ನೇ ಹಾಕಿಕೊಳ್ಳಬಹುದು.

ಸೇರುವಾಗ 4 ಲಕ್ಷ ರೂಪಾಯಿ. ಅವಧಿ 25 ವರ್ಷ. ವರ್ಷಕ್ಕೆ 100 ಪಾಯಿಂಟು, ಅಂದರೆ ಒಳ್ಳೆಯ ಕಾಲದಲ್ಲಿ 7 ರಾತ್ರಿ. ಮೇಲೆ ವರ್ಷಕ್ಕೆ 20,000 ರೂಪಾಯಿ ಶುಲ್ಕ. ಮೇಜಿನ ಆಚೆ ಕೂತ ಹುಡುಗ ಬರೆದು ತೋರಿಸುವ ಲೆಕ್ಕ ಹೀಗೆ: 4 ಲಕ್ಷವನ್ನು 25ರಿಂದ ಭಾಗಿಸಿದರೆ ವರ್ಷಕ್ಕೆ 16,000, ಅದನ್ನು 7ರಿಂದ ಭಾಗಿಸಿದರೆ ರಾತ್ರಿಗೆ 2,300 ರೂಪಾಯಿಯೂ ಬೀಳದು. "ಈ ರೇಟಿಗೆ ಮೆಜೆಸ್ಟಿಕ್ಕಿನ ಲಾಡ್ಜೂ ಸಿಗೋದಿಲ್ಲ ಸಾರ್!"

ಮಾತು ಆಕರ್ಷಕ. ಆದರೆ ಇದರಲ್ಲಿ ಎರಡು ಮರೆವುಗಳಿವೆ. ಒಂದು, ವಾರ್ಷಿಕ ಶುಲ್ಕ. ಇನ್ನೊಂದು, ಬಡ್ಡಿ.

ಆ 4 ಲಕ್ಷ ಮನೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತು? ಶೇಕಡಾ 7ರ ಠೇವಣಿಯಲ್ಲಿ ಇಟ್ಟು ಪ್ರತಿವರ್ಷದ ಕೊನೆಗೆ ಸುಮಾರು 34,300 ರೂಪಾಯಿ ತೆಗೆಯುತ್ತ ಹೋದರೆ 25ನೆಯ ವರ್ಷಕ್ಕೆ ಗಂಟು ಸರಿಯಾಗಿ ಬರಿದಾಗುತ್ತದೆ. ವಾಣಿಜ್ಯ ಓದುವ ಮಕ್ಕಳು ವರ್ಷಾಶನದ ಸೂತ್ರದಲ್ಲಿ ಇದನ್ನು ತಾಳೆ ನೋಡಬಹುದು. ಅಂದರೆ ಸದಸ್ಯತ್ವದ ನಿಜವಾದ ವರ್ಷದ ಬೆಲೆ 16,000 ಅಲ್ಲ, 34,300. ಅದಕ್ಕೆ 20,000 ಶುಲ್ಕ ಕೂಡಿಸಿದರೆ 54,300. ರಾತ್ರಿಗೆ 7,750ರ ಆಸುಪಾಸು. ಒಂದು ಪಾಯಿಂಟಿನ ಬೆಲೆ 543 ರೂಪಾಯಿ.

ಶುಲ್ಕವೂ ನಿಂತಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ಶೇಕಡಾ 5ರಂತೆ ಏರಿದರೂ 25ನೆಯ ವರ್ಷದಲ್ಲಿ ಅದು 64,500 ರೂಪಾಯಿ. 25 ವರ್ಷದ ಶುಲ್ಕವನ್ನೆಲ್ಲ ಕೂಡಿಸಿದರೆ ಒಂಬತ್ತೂವರೆ ಲಕ್ಷ ದಾಟುತ್ತದೆ! ಸೇರಲು ಕೊಟ್ಟದ್ದು 4 ಲಕ್ಷ, ಸೇರಿದ ತಪ್ಪಿಗೆ ಕೊಡುವುದು ಅದರ ಎರಡರಷ್ಟಕ್ಕೂ ಹೆಚ್ಚು. ಬಹುಪಾಲು ತಂದೆ ತಾಯಂದಿರು ಚೌಕಾಸಿ ಮಾಡುವುದು ಮಾತ್ರ ಮೊದಲನೆಯ ಅಂಕಿಯ ಮೇಲೆ.

ಇನ್ನು ಹಡಗು. ನಾಲ್ಕು ಜನರ ಕುಟುಂಬಕ್ಕೆ ಮೂರು ರಾತ್ರಿಯ ವಿಹಾರ. ಕ್ಲಬ್ಬಿನ ಪುಸ್ತಕದಲ್ಲಿ ಅದರ ಬೆಲೆ 1,20,000 ಎಂದು ಬರೆದಿದೆ ಎನ್ನೋಣ. 100 ಪಾಯಿಂಟು ಕೊಟ್ಟರೆ 30,000 ರಿಯಾಯಿತಿ. ವಿನಿಮಯದ ಶುಲ್ಕ 5,000. ಮನೆಯವರು ಕೊಡಬೇಕಾದ್ದು 95,000. 25,000 ಉಳಿಯಿತು ಎಂಬ ಸಂತೋಷ.

ಸ್ವಲ್ಪ ತಡೆಯಿರಿ. ಅದೇ ಹಡಗು, ಅದೇ ದಿನ, ಅದೇ ಬಗೆಯ ಕ್ಯಾಬಿನ್ನು ಹೊರಗೆ ಟ್ರಾವೆಲ್ ಏಜೆಂಟರಲ್ಲಿ ಎಷ್ಟು? 1,05,000ಕ್ಕೆ ಸಿಗುವಂತಿದ್ದರೆ ಉಳಿದದ್ದು 25,000 ಅಲ್ಲ, 10,000. ಅದಕ್ಕಾಗಿ ಕೊಟ್ಟದ್ದು 100 ಪಾಯಿಂಟು. ಒಂದು ಪಾಯಿಂಟು ತಂದುಕೊಟ್ಟದ್ದು 100 ರೂಪಾಯಿ. ಅದನ್ನು ಕೊಳ್ಳಲು ತೆತ್ತದ್ದು 543. ಒಂದು ವರ್ಷದ 54,300 ರೂಪಾಯಿಯ ಸರಕನ್ನು 10,000ಕ್ಕೆ ಮಾರಿ ಬಂದಂತಾಯಿತು. ಅದೂ ನಗುನಗುತ್ತಾ, ಡೆಕ್ಕಿನ ಮೇಲೆ ಫೋಟೋ ತೆಗೆಸಿಕೊಂಡು.

ಹೊರಗಿನ ಬೆಲೆ ಯಾವಾಗಲೂ ಕಡಿಮೆಯೇ ಇರುತ್ತದೆ ಎಂದಲ್ಲ. ಇದ್ದರೆ ಲೆಕ್ಕ ಹೀಗೆ ತಲೆಕೆಳಗಾಗುತ್ತದೆ, ಅಷ್ಟೆ. ಎರಡು ಬೆಲೆಯೂ ಒಂದೇ ಎಂದಿಟ್ಟುಕೊಂಡರೂ ಪಾಯಿಂಟಿಗೆ 250 ರೂಪಾಯಿ ಬರುತ್ತದೆ, 543 ಮುಟ್ಟುವುದಿಲ್ಲ.

ಅಮೆರಿಕದ ಡಿಸ್ನಿ ಕ್ಲಬ್ಬಿನ ವಿಷಯ ಇಲ್ಲಿ ನೆನಪಾಗಬೇಕು. ಆ ಕಂಪನಿಗೆ 1998ರಿಂದ ಸ್ವಂತ ಹಡಗುಗಳೂ ಇವೆ. ಕ್ಲಬ್ಬೂ ಹಡಗೂ ಒಂದೇ ಮನೆತನದವಾದರೂ, ಪಾಯಿಂಟನ್ನು ಹಡಗಿಗೆ ಸುರಿಯುವುದಕ್ಕಿಂತ ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು, ಬಂದ ಹಣದಲ್ಲಿ ಹಡಗಿನ ಟಿಕೆಟು ಕೊಳ್ಳುವುದೇ ಮೇಲು ಎಂಬುದು ಅಲ್ಲಿನ ಹಳೆಯ ಸದಸ್ಯರ ನಡುವೆ ಮಾಮೂಲು ಮಾತು.

ರಜೆ ಶಾಲೆಯದು, ಪಾಯಿಂಟು ಕ್ಲಬ್ಬಿನದು

ಇಷ್ಟಾದರೂ ಹಡಗಿಗೆ ಪಾಯಿಂಟು ಕೊಡುವವರು ಇದ್ದಾರೆ. ಲೆಕ್ಕ ಬಾರದೆ ಹಾಗೆ ಮಾಡುತ್ತಾರೆ ಎಂದುಕೊಳ್ಳಬೇಕಿಲ್ಲ. ಕಾರಣ ಮಕ್ಕಳ ಶಾಲೆಯ ಪಂಚಾಂಗದಲ್ಲಿದೆ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಪ್ರಯಾಣದ ದಿನಗಳು ಬಹಳ ಕಡಿಮೆ. ಏಪ್ರಿಲ್, ಮೇ, ಆಮೇಲೆ ದಸರೆ, ಕೆಲವರಿಗೆ ಕ್ರಿಸ್‌ಮಸ್. ಈ ದಿನಗಳಿಗೇ ಕ್ಲಬ್ಬುಗಳು ಅತಿ ಹೆಚ್ಚು ಪಾಯಿಂಟು ಕೇಳುವುದು, ಕೋಣೆಗಳು ಮೊದಲು ತುಂಬುವುದು. ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು; ಶಾಲೆಯವರು ರಜೆಯ ದಿನಾಂಕ ಹೇಳುವ ಹೊತ್ತಿಗೆ ಕೊಡಗು, ಊಟಿ ಭರ್ತಿ. ಆಗಸ್ಟಿನ ಮಳೆಯಲ್ಲಿ ಬೇಕಾದರೆ ಕೋಣೆಗಳುಂಟು. ಆದರೆ ಆಗ ಕಿರುಪರೀಕ್ಷೆ!

ಇನ್ನು ಎಸ್ಸೆಸ್ಸೆಲ್ಸಿಯ ವರ್ಷ. ಆ ವರ್ಷ ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಟಿವಿಯೇ ಹಾಕುವುದಿಲ್ಲ, ಕೊಡಗಿಗೆ ಹೋಗುವುದು ಎಲ್ಲಿಂದ ಬಂತು? ದ್ವಿತೀಯ ಪಿಯುಸಿಯದು ಅದಕ್ಕಿಂತ ಬಿಗಿ: ಬೋರ್ಡು ಪರೀಕ್ಷೆಯ ಬೆನ್ನಿಗೇ ಸಿಇಟಿ, ಜೆಇಇ, ನೀಟ್. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಂಥ ವರ್ಷಗಳು ನಾಲ್ಕು. ಶುಲ್ಕ ಮಾತ್ರ ಆ ನಾಲ್ಕು ವರ್ಷವೂ ಬರುತ್ತದೆ. ಪಾಯಿಂಟು ಮುಂದಿನ ವರ್ಷಕ್ಕೆ ಸಾಗುತ್ತದೆ, ಆದರೆ ಎಲ್ಲಿಯವರೆಗೂ ಸಾಗುವುದಿಲ್ಲ. ಒಂದು ದಿನ ಅದಕ್ಕೂ ವಾಯಿದೆ ಬರುತ್ತದೆ. ಆಗ ಕ್ಲಬ್ಬಿನಿಂದ ಫೋನು: "ಪಾಯಿಂಟ್ ಲ್ಯಾಪ್ಸ್ ಆಗುತ್ತೆ ಮೇಡಂ, ಹಡಗಿಗೆ ಯಾಕೆ ಹಾಕಬಾರದು?"

ಇದು ಈ ವ್ಯಾಪಾರದ ಒಳಮರ್ಮ. ಹಡಗು ಎಂಬುದು ಎಷ್ಟೋ ಸಲ ಉಳಿದುಹೋದ ಪಾಯಿಂಟನ್ನು ಖರ್ಚು ಮಾಡಿಸುವ ಜಾಗ. ಕೋಣೆ ಕೊಡಲಾಗದ ರಜೆಯ ದಿನಗಳಲ್ಲಿ ಸದಸ್ಯನ ಸಿಟ್ಟನ್ನು ಸಮುದ್ರದ ಕಡೆಗೆ ತಿರುಗಿಸುವ ಉಪಾಯ ಎಂದರೂ ನಡೆದೀತು.

ಇದಕ್ಕಿಂತ ದೊಡ್ಡ ಮಾತೊಂದಿದೆ. ಮಗು ಎಂಟನೆಯ ತರಗತಿಯಲ್ಲಿದ್ದಾಗ, ಅಂದರೆ 13ರ ವಯಸ್ಸಿನಲ್ಲಿ ಅಪ್ಪ ಅಮ್ಮ ಸೇರಿದರು ಎನ್ನೋಣ. "ಮಕ್ಕಳಿಗಾಗಿ ತಗೊಂಡೆವು" ಎಂದೇ ಅವರು ಹೇಳುವುದು. ಪಿಯುಸಿ ಮುಗಿಸಿ ಸುರತ್ಕಲ್ಲಿಗೋ, ಮಣಿಪಾಲಕ್ಕೋ, ಇನ್ನೂ ದೂರಕ್ಕೋ ಹೊರಡಲು ಉಳಿದಿರುವುದು ಐದೇ ವರ್ಷ. ಅದರಲ್ಲಿ ಎರಡು ಪರೀಕ್ಷೆಯವು. ಒಟ್ಟಿಗೆ ರಜೆ ಕಳೆಯಲು ಸಿಗುವ ಬೇಸಿಗೆಗಳು ಮೂರು. ಒಪ್ಪಂದ ಮುಗಿಯುವಾಗ ಆ ಮಗುವಿಗೆ 38 ವರ್ಷ! ಅದೇ 4 ಲಕ್ಷ ಐದು ವರ್ಷ ಶೇಕಡಾ 7ರ ಚಕ್ರಬಡ್ಡಿಯಲ್ಲಿ ಬೆಳೆದಿದ್ದರೆ ಸುಮಾರು 5 ಲಕ್ಷ 61 ಸಾವಿರವಾಗಿ, ಕಾಲೇಜಿನ ಶುಲ್ಕ ಕಟ್ಟುವ ಜೂನ್ ತಿಂಗಳಿಗೆ ಸರಿಯಾಗಿ ಕೈಗೆ ಬರುತ್ತಿತ್ತು. ಅರ್ಥಶಾಸ್ತ್ರದ ಪಠ್ಯದಲ್ಲಿ ಅವಕಾಶ ವೆಚ್ಚ ಎಂದು ಓದುವುದು ಇದನ್ನೇ. ಪಠ್ಯದಲ್ಲಿ ಗೋಧಿ, ಬಟ್ಟೆ ಎಂದು ಉದಾಹರಣೆ ಕೊಡುತ್ತಾರೆ. ಮನೆಯಲ್ಲಿ ಅದು ಹಡಗು ಮತ್ತು ಇಂಜಿನಿಯರಿಂಗ್ ಸೀಟು.

ಹಾಗಾದರೆ ಎಂದೂ ಬೇಡವೇ?

ಬೇಕಾಗುವ ಸಂದರ್ಭವೂ ಇದೆ. ಸದಸ್ಯತ್ವ ಈಗಾಗಲೇ ಆಗಿಹೋಗಿದೆ, ಈ ವರ್ಷದ ಶುಲ್ಕವನ್ನೂ ಕಟ್ಟಿಯಾಗಿದೆ, ಪಾಯಿಂಟು ಇನ್ನೆರಡು ತಿಂಗಳಲ್ಲಿ ಸತ್ತುಹೋಗುತ್ತದೆ, ಕೋಣೆ ಎಲ್ಲೂ ಸಿಗುತ್ತಿಲ್ಲ ಎನ್ನಿ. ಆಗ 543ರ ಲೆಕ್ಕ ಹಿಡಿದು ಅಳುವುದರಲ್ಲಿ ಅರ್ಥವಿಲ್ಲ. ಹೋದ ಹಣ ಹೋಯಿತು. ಈಗಿನ ಆಯ್ಕೆ 10,000 ರೂಪಾಯಿಯೋ ಸೊನ್ನೆಯೋ ಎಂಬುದು. 10,000 ವಾಸಿ.

ಆದರೆ ಒಂದು ಷರತ್ತು. ಮನೆಯವರು ಪಾಯಿಂಟು ಇಲ್ಲದಿದ್ದರೂ ಹಡಗಿಗೆ ಹೋಗುವವರೇ ಆಗಿರಬೇಕು. ಹೋಗುವ ಯೋಚನೆಯೇ ಇಲ್ಲದವರು, ಪಾಯಿಂಟು ಹಾಳಾಗುತ್ತದಲ್ಲ ಎಂಬ ಸಂಕಟಕ್ಕೆ ಹೊರಟರೆ 10,000 ಉಳಿಸಲು 95,000 ಖರ್ಚು ಮಾಡಿದಂತೆ. ಅದಕ್ಕಿಂತ ಅಕ್ಕನ ಮನೆಯವರನ್ನೋ ಹೊಸದಾಗಿ ಮದುವೆಯಾದ ತಮ್ಮನನ್ನೋ ಯಾವುದಾದರೂ ರೆಸಾರ್ಟಿಗೆ ಕಳಿಸಬಹುದು. ಹೆಚ್ಚಿನ ಕ್ಲಬ್ಬುಗಳು ಸದಸ್ಯನ ಬದಲು ಬಂಧುಗಳು ಹೋಗಲು ಬಿಡುತ್ತವೆ. ಅದಕ್ಕೆ ಬೇರೆ ಶುಲ್ಕ ಉಂಟೇ ಎಂದು ಮೊದಲೇ ಕೇಳಿಕೊಳ್ಳಬೇಕು. ಬಂಧುಗಳ ನೆಂಟಸ್ತಿಕೆಯಾದರೂ ಉಳಿಯುತ್ತದೆ.

ಕೋಣೆ ಸಿಗುವವರಿಗಂತೂ ಪ್ರಶ್ನೆಯೇ ಇಲ್ಲ. ದಸರೆಯ ವಾರ ಹೊರಗಿನವರಿಗೆ ರಾತ್ರಿಗೆ 8,000 ರೂಪಾಯಿ ಬಾಡಿಗೆ ಇರುವ ಕೋಣೆ 100 ಪಾಯಿಂಟಿಗೆ ಏಳು ರಾತ್ರಿ ಸಿಕ್ಕರೆ ಅದು 56,000ದ ಸರಕು. ಪಾಯಿಂಟಿಗೆ 560. ಲೆಕ್ಕ ಸರಿಹೋಯಿತು. ಕೋಣೆಗೆ ಪಾಯಿಂಟು, ಹಡಗಿಗೆ ಹಣ ಎಂದು ಬೇರೆ ಬೇರೆ ಇಟ್ಟುಕೊಂಡವರು ಎರಡನ್ನೂ ಅನುಭವಿಸಬಹುದು. ಹಡಗಿನ ಆಸೆಗಾಗಿಯೇ ಸದಸ್ಯತ್ವ ಕೊಳ್ಳಹೊರಟವರಿಗೆ ಮಾತ್ರ ಬೇಡ ಎಂದೇ ಹೇಳಬೇಕಾಗುತ್ತದೆ.

ಇದೇ ದಾರಿಯಲ್ಲಿ ಇನ್ನೊಂದು ಹಳ್ಳವೂ ಇದೆ. ರಜೆಯ ಹೆಸರಿನಲ್ಲಿ ಹೂಡಿಕೆ ಮಾರುವವರು. "ಕೋಣೆ ಬಳಸದಿದ್ದರೆ ಹಣ ಇಷ್ಟಾಗಿ ವಾಪಸು" ಎಂದ ಕೂಡಲೇ ಅದು ರಜೆಯಲ್ಲ, ಬೇರೆಯೇ ವ್ಯವಹಾರ. 1990ರ ದಶಕದಲ್ಲಿ ತೇಗದ ಮರದ ಹೆಸರಿನಲ್ಲಿ ಹಣ ಕೂಡಿಸಿದ ಕಂಪನಿಗಳನ್ನು ಅಜ್ಜ ಅಜ್ಜಿಯರು ಮರೆತಿರಲಾರರು. ಅಂಥವಕ್ಕೆ ಮೂಗುದಾರ ಹಾಕಲೆಂದೇ ಸೆಬಿ 1999ರಲ್ಲಿ ನಿಯಮಾವಳಿ ತಂದಿತು. ಹೋಟೆಲ್ ಕೋಣೆಯ ರಾತ್ರಿಗಳನ್ನು ಮಾರಿದ ಪ್ಯಾನ್‌ಕಾರ್ಡ್ ಕ್ಲಬ್ಸ್ ಸಂಸ್ಥೆ 50 ಲಕ್ಷಕ್ಕೂ ಹೆಚ್ಚು ಜನರಿಂದ 7,000 ಕೋಟಿಗೂ ಮಿಕ್ಕಿ ಹಣ ಸಂಗ್ರಹಿಸಿತ್ತು. ಅದನ್ನು ಹಿಂದಿರುಗಿಸಬೇಕೆಂದು ಸೆಬಿ 2016ರಲ್ಲಿ ಆಜ್ಞೆ ಮಾಡಿತು. ಆಜ್ಞೆ ಬೇರೆ, ಹಣ ಕೈಸೇರುವುದು ಬೇರೆ. ತಮ್ಮದೇ ಹಣ ತಮ್ಮ ಕೈಗೆ ಸಿಗದ ಸಂಕಟ ಎಂಥದ್ದೆಂದು ಬಸವನಗುಡಿಯವರಿಗೆ ಬೇರೆ ಹೇಳಬೇಕಿಲ್ಲ. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಅದನ್ನು ಬಹಳ ಮನೆಗಳು ಕಂಡವು.

ಭಾನುವಾರ ಸಂಜೆ ಆ ಮೇಜಿನ ಮುಂದೆ ಕೂತಾಗ ಏನು ಮಾಡಬೇಕು? ಸಹಿ ಹಾಕದೆ ಎದ್ದು ಬರುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. "ಈ ರೇಟು ಇವತ್ತು ಮಾತ್ರ" ಎಂಬ ಮಾತಿಗೆ ಹೆದರಬೇಕಾದ್ದಿಲ್ಲ. 25 ವರ್ಷದ ವ್ಯವಹಾರ ಒಂದು ವಾರ ಕಾಯಲಾರದೇ? ಯುರೋಪಿನಲ್ಲಿ ಟೈಮ್‌ಶೇರಿಗೆಂದೇ ಕಾನೂನುಂಟು. ಸಹಿ ಮಾಡಿದ 14 ದಿನಗಳೊಳಗೆ ಕಾರಣ ಹೇಳದೆ ಬಿಟ್ಟುಬಿಡಬಹುದು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಒಪ್ಪಂದದಲ್ಲಿ ಯೋಚನಾ ಅವಧಿ ಎಷ್ಟು ದಿನವೆಂದು ಬರೆದಿದೆಯೋ ಅಷ್ಟೇ. ಅದನ್ನು ಹುಡುಕಿ, ಮನೆಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ರದ್ದು ಮಾಡುವುದಾದರೆ ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ. ಬಾಯಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದೆ ಮೋಸಹೋದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕಾಗದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ, ಅವನ್ನು ಮಕ್ಕಳೇ ಕೇಳಬಹುದು. ಈ ಹಡಗಿಗೆ ನೂರು ಪಾಯಿಂಟು ಕೊಟ್ಟ ಮೇಲೂ ನಾವು ಕೊಡಬೇಕಾದ ಹಣ ಎಷ್ಟು? ಪಾಯಿಂಟು ಇಲ್ಲದೆ ಇದೇ ಕ್ಯಾಬಿನ್ನಿಗೆ ಹೊರಗೆ ಎಷ್ಟು? ಈ ವರ್ಷದ ಶುಲ್ಕ ಎಷ್ಟು, ಐದು ವರ್ಷದ ಹಿಂದೆ ಎಷ್ಟಿತ್ತು? ಮೇ ತಿಂಗಳಲ್ಲಿ ಮಡಿಕೇರಿಯ ಕೋಣೆಯನ್ನು ಈಗಲೇ, ಇಲ್ಲೇ ಬುಕ್ ಮಾಡಿ ತೋರಿಸುತ್ತೀರಾ? ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ಆ ಹುಡುಗ ಎದ್ದು ಹೋಗಿ ಮ್ಯಾನೇಜರನ್ನು ಕರೆತರುತ್ತಾನೆ. ಮ್ಯಾನೇಜರು ಕಾಫಿ ತರಿಸುತ್ತಾರೆ.

ಅಂದ ಹಾಗೆ, ಹೊರಡುವಾಗ ಗಿಫ್ಟಿನ ಲಕೋಟೆ ಕೇಳಿ ಪಡೆಯುವುದನ್ನು ಮರೆಯಬಾರದು. ಎರಡು ರಾತ್ರಿ ಮೂರು ಹಗಲಿನ ಉಚಿತ ವಾಸ್ತವ್ಯದ ಚೀಟಿ ಅದರಲ್ಲಿರುತ್ತದೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲು ಅಜ್ಜನ ಭೂತಕನ್ನಡಿ ಬೇಕಾಗುತ್ತದೆ: ಊಟ ಸೇರಿಲ್ಲ, ಪ್ರಯಾಣ ಸೇರಿಲ್ಲ, ನಿರ್ವಹಣಾ ಶುಲ್ಕ ಪ್ರತ್ಯೇಕ, ಶಾಲಾ ರಜಾದಿನಗಳಲ್ಲಿ ಅನ್ವಯಿಸುವುದಿಲ್ಲ.